ರಸೀದಿ ಇಲ್ಲದ ಕೌಂಟರ್: ಬ್ಯೂನಸ್ ಐರಿಸ್‌ನಲ್ಲಿ ಡಾಲರ್ ಬದಲಾಯಿಸಿದ ಅನುಭವ

ನಾನು ಬ್ಯಾಂಕಿನಲ್ಲಿ 29 ವರ್ಷ ಕೆಲಸ ಮಾಡಿದವಳು. ಅದರಲ್ಲಿ ಮುಕ್ಕಾಲು ಪಾಲು ಕ್ಯಾಷ್ ಕೌಂಟರಿನಲ್ಲೇ ಕಳೆಯಿತು. ಕೈಗೆ ನೋಟಿನ ಕಟ್ಟು ಬಂದರೆ ಬೆರಳುಗಳು ತಾವಾಗಿಯೇ ಎಣಿಸಲು ಶುರು ಮಾಡುತ್ತವೆ. 2023ರ ಸೆಪ್ಟೆಂಬರಿನಲ್ಲಿ ತಂಗಿಯ ಜೊತೆ ಅರ್ಜೆಂಟೀನಾಕ್ಕೆ ಹೋಗಿದ್ದೆ. ಮೂರು ವಾರ ಇದ್ದೆವು. ಆ ಮೂರು ವಾರದಲ್ಲಿ ನಾಲ್ಕು ಬೇರೆ ಬೇರೆ ದಾರಿಯಲ್ಲಿ ಡಾಲರ್ ಕೊಟ್ಟು ಪೆಸೊ ಪಡೆದೆ. ಒಂದೇ ಊರು, ಒಂದೇ ವಾರ, ಒಂದೇ ಡಾಲರ್. ಕೈಗೆ ಬಂದ ಹಣ ಮಾತ್ರ ಪ್ರತಿ ಸಲವೂ ಬೇರೆ. ಎರಡು ದರ ಇರುವ ದೇಶಕ್ಕೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರ್. ಎಸೇಸಾದಲ್ಲಿ ಇಳಿದಾಗ ರಾತ್ರಿ ಆಗಿತ್ತು. ಕೈಯಲ್ಲಿ ಒಂದು ಪೆಸೊ ಕೂಡ ಇರಲಿಲ್ಲ. ದರ ಕಡಿಮೆ ಅಂತ ಗೊತ್ತಿದ್ದೇ 50 ಡಾಲರ್ ಕೊಟ್ಟೆ. 17 ಸಾವಿರ ಚಿಲ್ಲರೆ ಪೆಸೊ ಬಂತು. ಅಚ್ಚುಕಟ್ಟಾದ ಸೇವೆ, ಮುದ್ರಿತ ರಸೀದಿ, ಪಾಸ್‌ಪೋರ್ಟ್ ನಂಬರ್ ಸಮೇತ. ಅದೇ 50 ಡಾಲರಿಗೆ ಊರೊಳಗೆ ಆ ವಾರ 36 ಸಾವಿರ ಸಿಗುತ್ತಿತ್ತು. ಅರ್ಧಕ್ಕರ್ಧ ಹೋಯಿತು. ಸೇವೆಗೆ ಐದಕ್ಕೆ ಐದು ಕೊಡುತ್ತೇನೆ, ದರಕ್ಕೆ ಒಂದು. ರಾತ್ರಿ ಹೊತ್ತು ಟ್ಯಾಕ್ಸಿಗೆ ಬೇಕಾದಷ್ಟು ಮಾತ್ರ ಅಲ್ಲಿ ಬದಲಾಯಿಸಿ, ಅದಕ್ಕಿಂತ ಒಂದು ಡಾಲರೂ ಜಾಸ್ತಿ ಬೇಡ.

ಯಾಕೆ ಹೀಗೆ ಅಂತ ಸ್ವಲ್ಪ ಹೇಳಬೇಕು. ಆ ವರ್ಷ ಆಗಸ್ಟ್ 13ಕ್ಕೆ ಅಲ್ಲಿ ಅಧ್ಯಕ್ಷ ಚುನಾವಣೆಯ ಪ್ರಾಥಮಿಕ ಸುತ್ತು ನಡೆದಿತ್ತು. ಹಾವಿಯೆರ್ ಮಿಲೇಯಿಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದವು. ಮರುದಿನ ಬೆಳಿಗ್ಗೆಯೇ ಸರಕಾರ ಪೆಸೊ ಬೆಲೆ ಇಳಿಸಿ, ಒಂದು ಡಾಲರಿಗೆ 350 ಎಂದು ದರ ಕಟ್ಟಿಹಾಕಿತು. ಆದರೆ ಆ ದರಕ್ಕೆ ಅಲ್ಲಿಯ ಜನಕ್ಕೆ ಬೇಕಾದಷ್ಟು ಡಾಲರ್ ಕೊಡುವವರು ಯಾರೂ ಇರಲಿಲ್ಲ. ಆಗ ತಿಂಗಳಿಗೆ 200 ಡಾಲರ್ ಮಿತಿ, ಅದರ ಮೇಲೆ ತೆರಿಗೆ, ಎಷ್ಟೋ ಜನಕ್ಕೆ ಅದೂ ಇರಲಿಲ್ಲ. ಈ ನಿರ್ಬಂಧಕ್ಕೆ ಅವರು 'ಸೆಪೊ' ಅನ್ನುತ್ತಾರೆ. ನೋ ಪಾರ್ಕಿಂಗ್‌ನಲ್ಲಿ ನಿಂತ ಕಾರಿನ ಚಕ್ರಕ್ಕೆ ಪೊಲೀಸರು ಬೀಗ ಹಾಕುತ್ತಾರಲ್ಲ, ಅದಕ್ಕೂ ಅಲ್ಲಿ ಸೆಪೊ ಎಂದೇ ಹೆಸರು. 2011ರಲ್ಲಿ ಮೊದಲ ಸಲ ಹಾಕಿದರು. 2015ರ ಡಿಸೆಂಬರಿನಲ್ಲಿ ತೆಗೆದರು. 2019ರ ಸೆಪ್ಟೆಂಬರಿನಲ್ಲಿ ಮತ್ತೆ ಹಾಕಿದರು. ಅತ್ತ ಬೆಲೆಗಳು ಏರುತ್ತಲೇ ಇದ್ದವು. 2023ರ ಒಂದೇ ವರ್ಷದ ಹಣದುಬ್ಬರ 211.4%. ಸಂಬಳ ಬಂದ ದಿನವೇ ಅದನ್ನು ಡಾಲರ್ ಮಾಡಿ ಇಟ್ಟುಕೊಳ್ಳಬೇಕು ಅಂತ ಯಾರಿಗೆ ತಾನೇ ಅನ್ನಿಸುವುದಿಲ್ಲ? ಬ್ಯಾಂಕಿನಲ್ಲಿ ಸಿಗದಿದ್ದರೆ ಹೊರಗೆ ಕೊಳ್ಳುತ್ತಾರೆ. ಹೊರಗಿನ ಆ ಡಾಲರಿಗೆ 'ಬ್ಲೂ' ಎಂದು ಹೆಸರು. ನಾವಿದ್ದಾಗ ಅದು 720ರಿಂದ 740ರವರೆಗೆ ಓಡಾಡುತ್ತಿತ್ತು.

ಕಾನೂನಿನ ಪ್ರಕಾರ ಇದು ತಪ್ಪು. ಪರವಾನಗಿ ಇಲ್ಲದ ಜಾಗಗಳ ಮೇಲೆ ಆಗಾಗ ದಾಳಿಯೂ ನಡೆಯುತ್ತದೆ. ಆದರೂ ಬ್ಲೂ ದರ ದಿನಾ ಪತ್ರಿಕೆಯಲ್ಲಿ ಬರುತ್ತದೆ, ಟಿವಿ ಪರದೆಯ ಮೂಲೆಯಲ್ಲಿ ಇರುತ್ತದೆ. ನಾವು ಹವಾಮಾನ ನೋಡುವ ಹಾಗೆ ಅಲ್ಲಿ ಅದನ್ನು ನೋಡುತ್ತಾರೆ.

ಎರಡನೆಯ ದಾರಿ ಹಣ ರವಾನೆ. ಹೊರದೇಶದಲ್ಲಿರುವ ಯಾರಾದರೂ ಆ್ಯಪ್‌ನಲ್ಲಿ ಡಾಲರ್ ಕಳಿಸಿದರೆ ನಾವು ಅಲ್ಲಿ ಪೆಸೊ ತೆಗೆದುಕೊಳ್ಳಬಹುದು. ದರ ಬ್ಲೂಗೆ ಹತ್ತಿರ ಹತ್ತಿರ. ಎಲ್ಲವೂ ಕಾನೂನುಬದ್ಧ, ರಸೀದಿಯೂ ಉಂಟು. ನನಗೆ ಸಹಜವಾಗಿಯೇ ಇದು ಇಷ್ಟವಾಯಿತು. ಅಮೆರಿಕದಲ್ಲಿರುವ ಅಣ್ಣನ ಮಗನಿಗೆ ಹೇಳಿ 200 ಡಾಲರ್ ಹಾಕಿಸಿದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಬಾಗಿಲಿನಿಂದ ಮೂಲೆಯವರೆಗೆ ಸಾಲು. ಒಂದೂವರೆ ಗಂಟೆ ನಿಂತೆವು. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ತಲೆ ಅಲ್ಲಾಡಿಸಿದಳು. ಪಾಸ್‌ಪೋರ್ಟಿನಲ್ಲಿ ನನ್ನ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಪೂರ್ತಿ ಬರೆದಿದೆ. ಹುಡುಗ ಬರೀ ಒಂದಕ್ಷರ ಹಾಕಿದ್ದ.

ಅವಳ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಹೆಸರು ಒಂದಕ್ಷರ ತಪ್ಪಿದರೂ ನಾಳೆ ಉತ್ತರ ಕೊಡಬೇಕಾದವರು ಕೌಂಟರಿನಲ್ಲಿ ಕೂತವರೇ. ಹೊರಗೆ ಬಂದು ಅವನಿಗೆ ಫೋನ್ ಮಾಡಿ ಹೆಸರು ಸರಿಪಡಿಸಿಸಿದೆ. ಮತ್ತೆ ಸಾಲಿಗೆ ನಿಂತೆವು. ನಮ್ಮ ಮುಂದೆ ಆರು ಜನ ಇದ್ದಾಗ ಒಳಗಿನಿಂದ ಒಬ್ಬರು ಬಂದು ಕೈ ಆಡಿಸಿದರು. ಹಣ ಖಾಲಿ. ಇನ್ನೊಂದು ಶಾಖೆಗೆ ಹೋಗಿ ಮಧ್ಯಾಹ್ನ ಮೂರಕ್ಕೆ ತೆಗೆದುಕೊಂಡೆವು, ಅದೂ 500ರ ನೋಟುಗಳಲ್ಲಿ. ತಂಗಿಗೆ ಅಂದು ನೋಡಬೇಕಿದ್ದ ಮ್ಯೂಸಿಯಂ ತಪ್ಪಿತು. ದರಕ್ಕೆ ನಾಲ್ಕು, ಸಮಯಕ್ಕೆ ಒಂದೂವರೆ. ಈ ದಾರಿ ಹಿಡಿಯುವವರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಅಕ್ಷರಕ್ಕೆ ಅಕ್ಷರ ಹೆಸರು ಕಳಿಸಿ. ವಾರದ ಮಧ್ಯೆ, ಶಾಖೆ ಬಾಗಿಲು ತೆರೆಯುವ ಮುಂಚೆ ಹೋಗಿ. ದೊಡ್ಡ ಮೊತ್ತವನ್ನು ಎರಡು ಕಂತು ಮಾಡಿ.

ಮೂರನೆಯದು ಬೀದಿ. ಊರ ನಡುವಿನ ಪೆರು ಬೀದಿ ರಿವಾದಾವಿಯಾ ಅವೆನ್ಯೂ ದಾಟಿದ ಮೇಲೆ ಫ್ಲೋರಿಡಾ ಬೀದಿ ಆಗುತ್ತದೆ. ವಾಹನ ಇಲ್ಲ, ಬರೀ ನಡೆಯುವವರು. ಕಾಲಿಟ್ಟ ಕೂಡಲೇ ಕಿವಿಗೆ ಬೀಳುವುದು ಒಂದೇ ಮಾತು. "ಕಾಂಬಿಯೊ, ಕಾಂಬಿಯೊ, ಡೋಲಾರೆಸ್..." ಹತ್ತು ಹೆಜ್ಜೆಗೊಬ್ಬರು ನಿಂತಿರುತ್ತಾರೆ. ಗಂಡಸರು, ಹೆಂಗಸರು, ವಯಸ್ಸಾದವರು. ಇವರಿಗೆ 'ಅರ್ಬೊಲೀತೊ' ಎಂದು ಹೆಸರು, ಅಂದರೆ ಪುಟ್ಟ ಮರ. ಕೈಯಲ್ಲಿ ಹಸಿರು ಎಲೆ, ಅಂದರೆ ಡಾಲರ್, ನಿಂತಲ್ಲೇ ನಿಲ್ಲುವುದು. ಚಂದದ ಹೆಸರು.

ಇವರೇ ಹಣ ಕೊಡುವುದಿಲ್ಲ. ನಮ್ಮನ್ನು ಒಳಗಿನ ಒಂದು ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಆ ಕೋಣೆಗೆ 'ಕ್ವೇವಾ' ಎಂದರೆ ಗುಹೆ ಎಂದು ಹೆಸರು. ನಾವು ಮಾತಾಡಿದ ಹೆಂಗಸು 720 ಅಂದಳು. ಹಿಂದೆ ಹೋದೆವು. ಒಂದು ಮಳಿಗೆ, ಒಂದು ಮೆಟ್ಟಿಲು, ಒಂದು ಬಾಗಿಲು. ಒಳಗಿದ್ದ ಯುವಕ ನಮ್ಮ 100 ಡಾಲರ್ ನೋಟು ಕೈಗೆ ತೆಗೆದುಕೊಂಡ ಮೇಲೆ 690 ಅಂದ. ನಾನು ಕೈ ಚಾಚಿದೆ. ಅವನು ಏನೋ ವಿವರಿಸಲು ಶುರು ಮಾಡಿದ. ನಾನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ನೋಟು ವಾಪಸ್ ಬಂತು, ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿಕೊಂಡು ಹೊರಟೆವು. ಇದನ್ನು ದಯವಿಟ್ಟು ನೆನಪಿಡಿ. ನಿಮ್ಮ ನೋಟು ಒಂದು ಕ್ಷಣ ಕಣ್ಣಿಂದ ಮರೆಯಾದರೂ ವಾಪಸ್ ಬರುವುದು ಅದೇ ನೋಟು ಅನ್ನುವ ಖಾತ್ರಿ ಇಲ್ಲ. ಬೀದಿಗೆ ನನ್ನ ಕಡೆಯಿಂದ ಒಂದು ಅಂಕ. ಎಲ್ಲರೂ ಮೋಸಗಾರರು ಅಂತಲ್ಲ. ಆದರೆ ನಾಳೆ ಅವರನ್ನು ಹುಡುಕಿಕೊಂಡು ಹೋಗಲು ನಮ್ಮ ಹತ್ತಿರ ಏನೂ ಇರುವುದಿಲ್ಲ.

ನಾವು ಉಳಿದಿದ್ದು ಸಾನ್ ತೆಲ್ಮೊ ಎನ್ನುವ ಬಡಾವಣೆಯ ಒಂದು ಹಳೆಯ ಮನೆಯಲ್ಲಿ. ಮೂರು ಕೋಣೆ ಬಾಡಿಗೆಗೆ ಕೊಡುತ್ತಾರೆ. ಮನೆಯೊಡತಿಗೆ ಎಪ್ಪತ್ತು ದಾಟಿದೆ. ನಿವೃತ್ತ ಇಂಗ್ಲಿಷ್ ಟೀಚರ್. ಆ ಸಂಜೆ ಈ ಕಥೆ ಹೇಳಿದಾಗ ಅವರು ಒಂದು ಚೀಟಿ ಬರೆದುಕೊಟ್ಟರು. "ಇಲ್ಲಿಗೆ ಹೋಗಿ. ನಾನು ಕಳಿಸಿದ್ದು ಅಂತ ಹೇಳಿ. ನಾನು ಹದಿನೈದು ವರ್ಷದಿಂದ ಇವರ ಹತ್ತಿರವೇ ಹೋಗುವುದು," ಅಂದರು.

ನನಗೆ ಹಿಂಜರಿಕೆ ಇತ್ತು. ಜೀವನ ಪೂರ್ತಿ ಸೀಲು, ಸಹಿ, ರಸೀದಿ ಅಂತ ಬದುಕಿದವಳು. "ರಸೀದಿ ಕೊಡುತ್ತಾರಾ?" ಎಂದು ಕೇಳಿದೆ. ಅವರು ಎದ್ದು ಒಳಗೆ ಹೋಗಿ ಒಂದು ಕಂದು ಲಕೋಟೆ ತಂದರು. ಅದರಲ್ಲಿ ಬ್ಯಾಂಕಿನ ಕಾಗದಗಳು. 2001ರವು. ಗಂಡ ಹೆಂಡತಿ ಇಬ್ಬರ ಹೆಸರು, ಡಾಲರ್ ಠೇವಣಿ, ಪ್ರತಿ ಪುಟಕ್ಕೂ ಸೀಲು. ಅಚ್ಚುಕಟ್ಟಾದ ಕಾಗದ, ನಾನು ದಿನಾ ಕೊಡುತ್ತಿದ್ದಂಥದ್ದೇ.

1991ರಿಂದ ಹತ್ತು ವರ್ಷ ಅಲ್ಲಿ ಒಂದು ಪೆಸೊ ಅಂದರೆ ಒಂದು ಡಾಲರ್ ಎಂದು ಕಾನೂನೇ ಇತ್ತು. 2001ರ ಡಿಸೆಂಬರಿನಲ್ಲಿ ಸರಕಾರ ಬ್ಯಾಂಕ್ ಖಾತೆಗಳಿಗೆ ಬೇಲಿ ಹಾಕಿತು. ವಾರಕ್ಕೆ 250 ಪೆಸೊಗಿಂತ ಜಾಸ್ತಿ ನಗದು ತೆಗೆಯುವ ಹಾಗಿಲ್ಲ. 'ಕೊರಲೀತೊ' ಅಂದರೆ ಪುಟ್ಟ ದೊಡ್ಡಿ ಎಂದು ಜನ ಅದಕ್ಕೆ ಹೆಸರಿಟ್ಟರು. ಮುಂದಿನ ತಿಂಗಳುಗಳಲ್ಲಿ ಡಾಲರ್ ಠೇವಣಿಗಳನ್ನೆಲ್ಲ ಡಾಲರಿಗೆ 1.40 ಪೆಸೊ ಲೆಕ್ಕದಲ್ಲಿ ಪೆಸೊ ಮಾಡಿದರು. 2002ರ ನಡುವಿಗೆ ಹೊರಗೆ ಡಾಲರ್ ಹೆಚ್ಚುಕಡಿಮೆ 4 ಪೆಸೊ ಮುಟ್ಟಿತ್ತು. "ನನ್ನ ಹತ್ತಿರ ಎಲ್ಲಾ ರಸೀದಿ ಇತ್ತು," ಅಂದರು ಅವರು. ಸಿಟ್ಟಿನಿಂದ ಹೇಳಲಿಲ್ಲ. ಲಕೋಟೆಯ ಬಾಯಿಯನ್ನು ಬೆರಳಿನಿಂದ ನೇವರಿಸಿ ಮುಚ್ಚಿದರು.

ಮರುದಿನ ಆ ವಿಳಾಸಕ್ಕೆ ಹೋದೆವು. ಇದೇ ನನ್ನ ಮುಖ್ಯ ವಿಮರ್ಶೆ, ಹಾಗಾಗಿ ವಿವರವಾಗಿ ಹೇಳುತ್ತೇನೆ.

ಫ್ಲೋರಿಡಾ ಬೀದಿಯಿಂದ ಒಳಗೆ ಹೋಗುವ ಒಂದು ಗ್ಯಾಲರಿ, ಅಂದರೆ ಎರಡೂ ಕಡೆ ಅಂಗಡಿ ಇರುವ ಓಣಿ. ಕೊನೆಯಲ್ಲಿ ಚರ್ಮದ ಚೀಲಗಳ ಅಂಗಡಿ. ಅದರ ಹಿಂದೆ ಗಾಜಿನ ಕಿಟಕಿ ಇರುವ ಪುಟ್ಟ ಕೋಣೆ. ಬೋರ್ಡ್ ಇಲ್ಲ. ಒಳಗೆ ಅರವತ್ತರ ಆಸುಪಾಸಿನ ಒಬ್ಬರು, ಮೂಗಿನ ತುದಿಗೆ ಕನ್ನಡಕ. ಮನೆಯೊಡತಿಯ ಹೆಸರು ಹೇಳಿದಾಗ ಅವರ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಕ್ಯಾಲ್ಕ್ಯುಲೇಟರಿನಲ್ಲಿ 730 ಒತ್ತಿ ನಮ್ಮ ಕಡೆ ತಿರುಗಿಸಿದರು. ನಾನಿನ್ನೂ ಪರ್ಸ್ ತೆಗೆದಿರಲಿಲ್ಲ. ಹಣ ತೋರಿಸುವ ಮುಂಚೆ ದರ ಹೇಳುವವರು ಒಳ್ಳೆಯ ವ್ಯಾಪಾರಿಗಳು. ಇದು ಯಾವ ಊರಿಗೂ ಸಲ್ಲುತ್ತದೆ.

ಮೂರು 100 ಡಾಲರ್ ನೋಟು ಮುಂದಿಟ್ಟೆ. ಅವರು ಪ್ರತಿಯೊಂದನ್ನೂ ನನ್ನ ಕಣ್ಣೆದುರೇ ನೋಡಿದರು. ನೋಟಿನ ಮೇಲಿರುವ ಫ್ರಾಂಕ್ಲಿನ್ ಚಿತ್ರದಲ್ಲಿ ಕೋಟಿನ ಭುಜದ ಮೇಲೆ ಉಗುರು ಎಳೆದರು. ನಿಜವಾದ ನೋಟಿನಲ್ಲಿ ಅಲ್ಲಿ ಒರಟಾಗಿ ತಾಗುತ್ತದೆ. ನೀಲಿ ಪಟ್ಟಿ ಅಲ್ಲಾಡಿಸಿ ನೋಡಿದರು. ಬೆಳಕಿಗೆ ಹಿಡಿದರು. ಎರಡು ಪಾಸ್. ಮೂರನೆಯದರ ಅಂಚಿನಲ್ಲಿ ಯಾರೋ ಒತ್ತಿದ ಪುಟ್ಟ ಶಾಯಿ ಮುದ್ರೆ ಇತ್ತು. ಅದನ್ನು ಬೆರಳಿನಿಂದ ನನ್ನ ಕಡೆ ತಳ್ಳಿದರು. ಬೇರೆ ಕೊಟ್ಟೆ. ಎರಡು 20ರ ನೋಟುಗಳಿಗೆ ಎಷ್ಟು ಎಂದು ಕೇಳಿದೆ. 650. ಬೇಡ ಎಂದು ಒಳಗಿಟ್ಟುಕೊಂಡೆ.

ಇದು ಬೇರೆ ದೇಶದವರಿಗೆ ವಿಚಿತ್ರ ಅನ್ನಿಸಬಹುದು. ಡಾಲರ್ ಅಂದರೆ ಡಾಲರ್ ಅಲ್ವಾ? ಅಲ್ಲಿ ಹಾಗಲ್ಲ. ಅಲ್ಲಿಯ ಜನ ಡಾಲರನ್ನು ಖರ್ಚಿಗೆ ಕೊಳ್ಳುವುದಿಲ್ಲ, ವರ್ಷಗಟ್ಟಲೆ ಬಚ್ಚಿಡಲು ಕೊಳ್ಳುತ್ತಾರೆ. ಹಾಸಿಗೆಯ ಕೆಳಗೆ ಇಡುವ ಡಾಲರ್ ಎಂದೇ ಅದಕ್ಕೊಂದು ಮಾತಿದೆ. ಹಾಗಾಗಿ ದೊಡ್ಡ ನೋಟು ಬೇಕು, ಹೊಸದು ಬೇಕು, ಮಡಿಕೆ ಇರಬಾರದು. 2013ರಿಂದ ಬಂದ ನೀಲಿ ಪಟ್ಟಿಯ 100ಕ್ಕೆ ಪೂರ್ತಿ ಬೆಲೆ. 1996ಕ್ಕಿಂತ ಹಿಂದಿನ, ಚಿಕ್ಕ ಮುಖದ ನೋಟಿಗೆ 'ಕಾರಾ ಚೀಕಾ' ಎನ್ನುತ್ತಾರೆ. ಅದಕ್ಕೆ ಕಡಿಮೆ ದರ, ಕೆಲವೆಡೆ ತೆಗೆದುಕೊಳ್ಳುವುದೇ ಇಲ್ಲ. ಹೊರಡುವ ಮುಂಚೆ ಡಾಲರ್ ಕೊಳ್ಳುವಾಗ ಗರಿಗರಿ 100ರ ನೋಟುಗಳನ್ನೇ ಕೇಳಿ ಪಡೆಯಿರಿ. ಕೌಂಟರಿನವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಒಂದೊಂದನ್ನೂ ತಿರುಗಿಸಿ ನೋಡಿ. ಸುಮ್ನೆ ಪರ್ಸಿನಲ್ಲಿ ಮಡಚಿ ಇಡಬೇಡಿ, ಪುಸ್ತಕದ ಮಧ್ಯೆ ಇಡಿ.

ಮುನ್ನೂರು ಡಾಲರಿಗೆ 2,19,000 ಪೆಸೊ. ಆಗ 2000ದ ನೋಟು ಬಂದು ನಾಲ್ಕು ತಿಂಗಳಷ್ಟೇ ಆಗಿತ್ತು, ಕೈಗೆ ಸಿಗುವುದೇ ಅಪರೂಪ. ಎಲ್ಲವೂ 1000ದ ನೋಟು. ಕಿತ್ತಳೆ ಬಣ್ಣ, ಮೇಲೆ ಒರ್ನೆರೊ ಹಕ್ಕಿ. ಮಣ್ಣಿನಲ್ಲಿ ಒಲೆಯ ಆಕಾರದ ಗೂಡು ಕಟ್ಟುವ, ಅವರ ದೇಶದ ಹಕ್ಕಿ. ಮೆಷಿನ್ ಟರ್ ಎಂದು ಓಡಿತು. ನೂರರ ಎರಡು ಕಟ್ಟು, ಬಿಡಿ ಹತ್ತೊಂಬತ್ತು. ಅವರು ಕಟ್ಟುಗಳನ್ನು ಕಿಟಕಿಯ ಕೆಳಗಿನಿಂದ ತಳ್ಳಿದರು.

ನಾನು ರಬ್ಬರ್ ಬ್ಯಾಂಡ್ ತೆಗೆದು ಎಣಿಸಲು ಶುರು ಮಾಡಿದೆ. ನಮ್ಮ ರೀತಿಯಲ್ಲೇ, ಎಡಗೈಯಲ್ಲಿ ಮಡಚಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ಎಳೆಯುತ್ತಾ. ಅರ್ಧ ಆಗುವಷ್ಟರಲ್ಲಿ ಅವರು ಕೈಯಲ್ಲಿದ್ದ ಪೆನ್ ಕೆಳಗಿಟ್ಟು ನೋಡುತ್ತಾ ಕೂತರು. ಮುಗಿದ ಮೇಲೆ "ಬ್ಯಾಂಕ್?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಎದೆ ಮುಟ್ಟಿ ತೋರಿಸಿದರು. ಅವರೂ ಬ್ಯಾಂಕಿನವರೇ. ಭಾಷೆ ಬರದಿದ್ದರೂ ಅಷ್ಟು ಸಾಕಾಯಿತು. ಒಂದು ಹರಿದ ನೋಟು ನಾನು ಬದಿಗಿಟ್ಟಿದ್ದೆ, ಮಾತಿಲ್ಲದೆ ಬದಲಿಸಿ ಕೊಟ್ಟರು. ರಸೀದಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಈ ಜಾಗಕ್ಕೆ ನಾಲ್ಕೂವರೆ. ಅರ್ಧ ಅಂಕ ಕಡಿಮೆ ಯಾಕೆಂದರೆ ಒಳಗೆ ಹೋಗುವ ಓಣಿ ನಿರ್ಜನ, ಕೈಯಲ್ಲಿ ಇಟ್ಟಿಗೆಯಷ್ಟು ಹಣ ಹಿಡಿದು ಹೊರಬರುವಾಗ ಎದೆ ಹೊಡೆದುಕೊಳ್ಳುತ್ತದೆ. ಇಬ್ಬರು ಹೋಗಿ, ಹಗಲಲ್ಲಿ ಹೋಗಿ. ಒಂದು ಸಲಕ್ಕೆ ಮೂರ್ನಾಲ್ಕು ದಿನಕ್ಕೆ ಬೇಕಾದಷ್ಟೇ ಮಾಡಿಸಿ. ಉಳಿದ ಪೆಸೊ ವಾಪಸ್ ಡಾಲರ್ ಮಾಡಲು ಹೋದರೆ ನಷ್ಟ, ಆ ದೇಶ ದಾಟಿದರೆ ಕೇಳುವವರೂ ಸಿಗುವುದಿಲ್ಲ. ವಿಳಾಸ ನಾನು ಹಾಕುವುದಿಲ್ಲ, ಅದು ಅವರಿಗೆ ತೊಂದರೆ. ನೀವು ಉಳಿಯುವ ಮನೆಯವರನ್ನು ಕೇಳಿ, ತಾವು ಎಲ್ಲಿಗೆ ಹೋಗುತ್ತೀರಿ ಅಂತ. "ನಾನು ಎಲ್ಲಿಗೆ ಹೋಗಲಿ" ಅಂತಲ್ಲ. ಈ ಎರಡು ಪ್ರಶ್ನೆಗೂ ಬರುವ ಉತ್ತರ ಬೇರೆ.

ನಾಲ್ಕನೆಯದು ಕಾರ್ಡ್, ಬೇಗ ಹೇಳಿ ಮುಗಿಸುತ್ತೇನೆ. 2022ರ ಕೊನೆಯಿಂದ ವಿದೇಶಿ ಕಾರ್ಡುಗಳಿಗೆ ಅಲ್ಲಿ 'ಮೆಪ್' ಎನ್ನುವ ದರ ಕೊಡಲು ಶುರು ಮಾಡಿದ್ದರು. ಬಾಂಡನ್ನು ಪೆಸೊದಲ್ಲಿ ಕೊಂಡು ಡಾಲರಿನಲ್ಲಿ ಮಾರಿದಾಗ ಬರುವ ದರ ಅದು. ಪೂರ್ತಿ ಕಾನೂನುಬದ್ಧ. ಬ್ಲೂಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಕೆಲವು ಕಾರ್ಡಿನಲ್ಲಿ ಮೊದಲು ಅಧಿಕೃತ ದರದಲ್ಲಿ ಹಣ ಕಡಿತವಾಗಿ, ವ್ಯತ್ಯಾಸ ಕೆಲವು ದಿನದ ನಂತರ ವಾಪಸ್ ಬರುತ್ತಿತ್ತು. ಹೋಟೆಲ್ ಬಿಲ್ ವಿದೇಶಿ ಕಾರ್ಡಿನಲ್ಲಿ ಕಟ್ಟಿದರೆ 21% ವ್ಯಾಟ್ ಕೂಡ ಇಲ್ಲ. ಆದರೆ ಎಟಿಎಂ ಬೇಡ. ಒಂದು ಸಲಕ್ಕೆ ಬರುವ ಹಣ ಕಡಿಮೆ, ಶುಲ್ಕ ಜಾಸ್ತಿ. ಈಗ ಕೇಳಿದರೆ ನಾನು ದೊಡ್ಡ ಖರ್ಚೆಲ್ಲ ಕಾರ್ಡ್ ಎನ್ನುತ್ತೇನೆ. ಬಸ್ ಕಾರ್ಡಿಗೆ, ಸಣ್ಣ ಅಂಗಡಿಗೆ, ನಗದಿಗೆ ರಿಯಾಯಿತಿ ಕೊಡುವ ಕಡೆಗೆ ಮಾತ್ರ ನೋಟು.

ಇದೆಲ್ಲ 2023ರ ಮಾತು. ನಾವು ಹಿಂತಿರುಗಿದ ಮೇಲೆ ಅಕ್ಟೋಬರಿನಲ್ಲಿ ಬ್ಲೂ 1000 ದಾಟಿತು. ಮಿಲೇಯಿ ಗೆದ್ದು ಬಂದು ಡಿಸೆಂಬರಿನಲ್ಲಿ ಅಧಿಕೃತ ದರವನ್ನು ಒಂದೇ ಏಟಿಗೆ 800ಕ್ಕೆ ತಂದರು. 2025ರ ಏಪ್ರಿಲ್ 14ರಿಂದ ಸಾಮಾನ್ಯ ಜನಕ್ಕೆ ಸೆಪೊ ತೆಗೆದಿದ್ದಾರೆ, ಎರಡು ದರದ ಅಂತರ ತುಂಬಾ ಸಣ್ಣದಾಗಿದೆ. ಈಗ ಹೋಗುವವರು ಆ ದಿನದ ಎರಡೂ ದರ ನೋಡಿ. ಅಂತರ ನಾಲ್ಕೈದು ಪ್ರತಿಶತ ಇದ್ದರೆ ಗುಹೆಗೆ ಹೋಗುವ ಅಗತ್ಯವೇ ಇಲ್ಲ. ಮತ್ತೆ, ಅರ್ಜೆಂಟೀನಾದಲ್ಲಿ ನಡೆದದ್ದು ಎಲ್ಲಾ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ. ಈಜಿಪ್ಟಿನಲ್ಲಿ 2024ರ ಶುರುವಿನಲ್ಲಿ ಬ್ಯಾಂಕ್ ದರ 31 ಪೌಂಡ್ ಇದ್ದಾಗ ಹೊರಗೆ 70ರವರೆಗೆ ಹೋಗಿತ್ತು, ಮಾರ್ಚ್ 6ಕ್ಕೆ ಬ್ಯಾಂಕ್ ದರವೇ 50ರ ಹತ್ತಿರಕ್ಕೆ ಬಂತು. ಅಲ್ಲಿ ಹೊರಗೆ ಬದಲಾಯಿಸಿದರೆ ಶಿಕ್ಷೆ ಕಠಿಣ. ಅಲ್ಲೆಲ್ಲ ಬ್ಯಾಂಕ್ ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಹೊರಡುವ ದಿನ ಕೊನೆಯ ಎರಡು ರಾತ್ರಿಯ ಬಾಡಿಗೆ ಬಾಕಿ ಇತ್ತು. ಡಾಲರಿನಲ್ಲಿ ಕೊಡಲೇ ಎಂದು ಮನೆಯೊಡತಿಯನ್ನು ಕೇಳಿದೆ. ಫೋನಿನಲ್ಲಿ ದರ ತೆಗೆದು ತೋರಿಸಿದರು. ಕೊಳ್ಳುವ ದರ, ಮಾರುವ ದರ. ಎರಡರ ನಡುವಿನ ಅಂಕಿ ಬರೆದರು. "ಅರ್ಧ ನಿಮಗೆ, ಅರ್ಧ ನನಗೆ," ಅಂದರು. ನಾನು ಒಂದು ಮಡಿಕೆ ಇಲ್ಲದ ನೂರು ಆರಿಸಿ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿಯಲಿಲ್ಲ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟು, ಉಳಿದ ಪೆಸೊ ಎಣಿಸಿ ಕೊಟ್ಟರು.

ನಾವು ಬಾಗಿಲ ಹತ್ತಿರ ಬ್ಯಾಗ್ ಎತ್ತಿಕೊಳ್ಳುವಾಗ "ಒಂದು ನಿಮಿಷ" ಎಂದು ಒಳಗೆ ಹೋದರು. ನೋಟ್‌ಬುಕ್ಕಿನ ಹಾಳೆ ಹರಿದು ಏನೋ ಬರೆದರು. ತಾರೀಖು, 100 ಡಾಲರ್, ದರ, ಬಾಡಿಗೆಗೆ ಎಷ್ಟು, ವಾಪಸ್ ಎಷ್ಟು. ಕೆಳಗೆ ಟೀಚರ್ ಅಕ್ಷರದಲ್ಲಿ ಪೂರ್ತಿ ಹೆಸರು, ಸಹಿ.

"ನಿಮಗೆ ಇದು ಬೇಕಲ್ವಾ," ಎಂದು ಕೈಗೆ ಕೊಟ್ಟರು.